ಬಿಟ್ಟ ಗೆರೆಗಳ ಪಾಠ

ಚಿತ್ರದ ಹುಚ್ಚಿರುವ ಯಾರೇ ಆದರೂ ಕಾಮಿಕ್ಸ್ ಪುಸ್ತಕ ಮುಂದಿಟ್ಟುಕೊಂಡು ಅದರಲ್ಲಿದ್ದ ಹಾಗೇ ಬರೆಯಲು ಒಮ್ಮೆಯಾದರೂ ಕೂತಿರುತ್ತಾರೆ. ನಾನೂ ಕೂತಿದ್ದೆ. ಒಂದು ರಜೆಯಿಡೀ ಅಮೆರಿಕದ ಕಾಮಿಕ್ಸ್ ಕಲಾವಿದ ಜ್ಯಾಕ್ ಕರ್ಬಿಯ ವೀರರನ್ನು ಕಿಟಕಿಯ ಗಾಜಿಗೆ ಒತ್ತಿ ಹಿಡಿದು ತಿದ್ದಿದೆ. ನೋಡಿದವರೆಲ್ಲ ಭೇಷ್ ಅಂದರು. ರಜೆ ಮುಗಿದ ಮೇಲೆ ಪುಸ್ತಕ ಮುಚ್ಚಿಟ್ಟು ಒಂದೇ ಒಂದು ಕೈ ಬಿಡಿಸಲು ಹೋದರೆ, ಗಾಳಿ ತುಂಬಿದ ಕೈಗವಸು ಬಂತು! ಗೆರೆ ಎಲ್ಲಿ ಹೋಗುತ್ತದೆ ಎಂಬುದು ಕೈಗೆ ಗೊತ್ತಾಗಿತ್ತು, ಯಾಕೆ ಹೋಗುತ್ತದೆ ಎಂಬುದು ತಲೆಗೆ ಹತ್ತಿರಲಿಲ್ಲ.

ಚಿತ್ರ ‘ಬಿಡಿಸು’ ಅನ್ನುತ್ತೇವಲ್ಲ, ಕಾಮಿಕ್ಸ್‌ನ ಮಟ್ಟಿಗೆ ಅದರಲ್ಲಿ ಅರ್ಧ ಕೆಲಸ ‘ಬಿಡು’ವುದೇ. ಹಾಗಾಗಿ ಕೆಳಗಿನ ಅಭ್ಯಾಸಗಳಲ್ಲಿ ನಕಲು ಇದೆ, ಆದರೆ ಪ್ರತಿ ನಕಲಿನ ಜೊತೆ ಒಂದು ಪ್ರಶ್ನೆಯೂ ಇದೆ: ಈ ಕಲಾವಿದ ಏನನ್ನು ಬರೆಯದೆ ಬಿಟ್ಟ?

ಸಾಮಾನು ಹೆಚ್ಚೇನೂ ಬೇಡ. ಪೆನ್ಸಿಲ್, ರಬ್ಬರ್, ಒಂದು ಕಪ್ಪು ಪೆನ್, ಸಣ್ಣ ಬ್ರಷ್, ಕಪ್ಪು ಇಂಕ್, ಕೆಲವು ಹಾಳೆ ಟ್ರೇಸಿಂಗ್ ಪೇಪರ್. ದುಬಾರಿ ಕಾಗದ ತರಬೇಡಿ. ಅದನ್ನು ಕಂಡರೆ ಕೈ ಹೆದರುತ್ತದೆ.

ಹಂತ 1: ಒಂದೇ ಚೌಕಟ್ಟು ಆರಿಸಿ

ಮುಖಪುಟದ ಅಬ್ಬರದ ಚಿತ್ರ ಬೇಡ. ಒಳಪುಟದ ಒಂದು ಸಾಧಾರಣ ಚೌಕಟ್ಟು ಸಾಕು: ಒಬ್ಬ ವ್ಯಕ್ತಿ, ಹಿಂದೆ ಒಂದು ಗೋಡೆ ಅಥವಾ ಬೀದಿ. ಅದನ್ನು ತಿದ್ದದೆ, ಬರೀ ನೋಡಿ, ಎರಡು ಪಟ್ಟು ದೊಡ್ಡದಾಗಿ ಬರೆಯಿರಿ. ಈ ಅಳತೆಗೆ ಕಾರಣವಿದೆ. 1967ರ ಸುಮಾರಿನವರೆಗೆ ಅಮೆರಿಕದ ಕಾಮಿಕ್ ಪುಸ್ತಕಗಳ ಮೂಲಪುಟಗಳು ಅಚ್ಚಾದ ಪುಟದ ಸುಮಾರು ಎರಡು ಪಟ್ಟು ಇರುತ್ತಿದ್ದವು. ಆಮೇಲೆ ಒಂದೂವರೆ ಪಟ್ಟಿಗೆ ಇಳಿದವು. ಅಚ್ಚಿನಲ್ಲಿ ಕೂದಲೆಳೆಯಂತೆ ಕಾಣುವ ಗೆರೆಯನ್ನು ಕಲಾವಿದ ಆರಾಮಾಗಿ ಕೈಬೀಸಿ ಎಳೆದಿರುತ್ತಾನೆ. ನೀವು ಅಚ್ಚಿನ ಅಳತೆಯಲ್ಲೇ ನಕಲು ಮಾಡಿದರೆ ಬೆರಳು ಸೆಟೆದುಕೊಳ್ಳುತ್ತದಷ್ಟೆ.

ಮುಗಿದ ಮೇಲೆ ನಿಮ್ಮ ಕೈಯನ್ನೋ ಅಂಗಿಯನ್ನೋ ಆ ಚಿತ್ರದ ಪಕ್ಕದಲ್ಲಿ ಹಿಡಿದು ನೋಡಿ. ಉಗುರು, ರೆಪ್ಪೆ, ಮೊಣಕೈಯ ಸುಕ್ಕು, ಗುಂಡಿ: ಚಿತ್ರದಲ್ಲಿ ಇಲ್ಲದ್ದನ್ನೆಲ್ಲ ಅಂಚಿನಲ್ಲಿ ಪಟ್ಟಿ ಮಾಡಿ. ಕೆಳಗೆ ಯಾರ ಚಿತ್ರ ನೋಡಿ ಬರೆದದ್ದು ಎಂದೂ ನಮೂದಿಸಿ. ಆರು ತಿಂಗಳ ನಂತರ ಅದು ನಿಮ್ಮದೇ ಅಂತ ನಿಮಗೇ ಅನ್ನಿಸಿಬಿಡಬಾರದು ನೋಡಿ!

ಹಂತ 2: ಶುಲ್ಟ್ಸ್‌ರಿಂದ ಮುಖ

ಚಾರ್ಲ್ಸ್ ಶುಲ್ಟ್ಸ್ 1950ರಿಂದ 2000ದವರೆಗೆ ಅಮೆರಿಕದ ದಿನಪತ್ರಿಕೆಗಳಿಗೆ ‘ಪೀನಟ್ಸ್’ ಎಂಬ ಸ್ಟ್ರಿಪ್ (ಕೆಲವೇ ಚೌಕಟ್ಟುಗಳ ಪುಟ್ಟ ಚಿತ್ರಪಟ್ಟಿ) ಬರೆದರು. ಒಟ್ಟು 17,897 ಸ್ಟ್ರಿಪ್, ಸಹಾಯಕರಿಲ್ಲದೆ. ಅವರ ಚಾರ್ಲಿ ಬ್ರೌನ್ ನೋಡಿ: ದುಂಡು ತಲೆ, ಎರಡು ಚುಕ್ಕೆ ಕಣ್ಣು, ಒಂದು ಪುಟ್ಟ ಮೂಗು, ಹಣೆಯ ಮೇಲೆ ಸುರುಳಿಗೂದಲು. ಇಷ್ಟು ಸುಲಭವೇ ಅಂದುಕೊಂಡು ಬರೆದರೆ ನಮ್ಮ ಚಾರ್ಲಿ ಬೇರೆ ಯಾರದೋ ಮನೆಯ ಮಗು ಆಗಿರುತ್ತಾನೆ. ಕಣ್ಣು ಅರ್ಧ ಮಿಲಿಮೀಟರ್ ಮೇಲೆ ಹೋದರೂ ಸಾಕು, ಮುಖ ಕೆಟ್ಟಿತು.

ಅಭ್ಯಾಸ ಹೀಗೆ: ಒಂದೇ ಅಳತೆಯ ಹತ್ತು ವೃತ್ತ ಬರೆಯಿರಿ. ಎಲ್ಲದರಲ್ಲೂ ಕಣ್ಣು, ಮೂಗು ಒಂದೇ ಜಾಗದಲ್ಲಿರಲಿ. ಬದಲಾಗಬೇಕಾದ್ದು ಹುಬ್ಬು ಮತ್ತು ಬಾಯಿ ಮಾತ್ರ. ಕಣ್ಣಿನ ಚುಕ್ಕೆಯ ಎರಡೂ ಪಕ್ಕದಲ್ಲಿ ಪುಟ್ಟ ಆವರಣ ಚಿಹ್ನೆಯಂಥ ಗೆರೆ ಹಾಕಿದರೆ ಕಳವಳ. ಬಾಯಿಯನ್ನು ಅಲೆಅಲೆಯಾಗಿ ಎಳೆದರೆ ಅಳು ಗಂಟಲಿಗೆ ಬಂದಿದೆ. ಹತ್ತು ಮುಖ ಆದ ಮೇಲೆ ಪಕ್ಕದವರಿಗೆ ತೋರಿಸಿ ಯಾವ ಭಾವ ಎಂದು ಕೇಳಿ. ಅವರು ತಪ್ಪಾಗಿ ಹೇಳಿದರೆ ಗೆರೆ ಸೇರಿಸಬೇಡಿ, ಇದ್ದ ಗೆರೆಯನ್ನು ಜರುಗಿಸಿ.

ಕೊನೆಯ ವರ್ಷಗಳಲ್ಲಿ ಶುಲ್ಟ್ಸ್‌ರ ಕೈ ನಡುಗುತ್ತಿತ್ತು, ಗೆರೆಯಲ್ಲಿ ಆ ನಡುಕ ಎದ್ದು ಕಾಣುತ್ತದೆ. ಆದರೂ ಒಂದು ಮುಖವೂ ದಾರಿ ತಪ್ಪಿಲ್ಲ. ‘ನನ್ನ ಗೆರೆ ನೆಟ್ಟಗೆ ಬರೋದಿಲ್ಲ’ ಎಂದು ಗೋಳಾಡುವವರಿಗೆ ನಾನು ತೋರಿಸುವುದು ಆ ಕಾಲದ ಸ್ಟ್ರಿಪ್‌ಗಳನ್ನೇ.

ಹಂತ 3: ಎರ್ಜೆಯಿಂದ ಆಯ್ಕೆ

ಬೆಲ್ಜಿಯಂನ ಕಾಮಿಕ್ಸ್ ಕಲಾವಿದ ಎರ್ಜೆ 1929ರಲ್ಲಿ ಸಾಹಸಿ ವರದಿಗಾರ ಟಿನ್‌ಟಿನ್‌ನನ್ನು ಶುರುಮಾಡಿದರು. ಒಂದೇ ಹದದ ಗೆರೆ, ಗೀರುಗೀರಿನ ನೆರಳಿಲ್ಲ, ಸಪಾಟು ಬಣ್ಣ. ಈ ಶೈಲಿಗೆ ‘ಸ್ಪಷ್ಟ ಗೆರೆ’ ಎಂಬ ಹೆಸರು ಬಂದದ್ದು ತುಂಬ ತಡವಾಗಿ, 1977ರಲ್ಲಿ. ಇಟ್ಟವರು ಡಚ್ ಕಲಾವಿದ ಯೋಸ್ಟ್ ಸ್ವಾರ್ಟೆ. ಅಚ್ಚಾದ ಪುಟ ನೋಡಿದರೆ ಒಂದೇ ಉಸಿರಿಗೆ ಎಳೆದಂತಿದೆ. ಅವರ ಪೆನ್ಸಿಲ್ ಕರಡು ನೋಡಿದರೆ ಬೇರೆಯೇ ಕಥೆ. ಒಂದು ಕಾಲಿಗೆ ಹತ್ತಾರು ಗೆರೆ, ಉಜ್ಜಿ ಉಜ್ಜಿ ಕಾಗದವೇ ಕಪ್ಪಾಗಿದೆ. ಆ ಗೋಜಲಿನೊಳಗಿಂದ ಸರಿಯೆನಿಸಿದ ಒಂದು ಗೆರೆಯನ್ನು ಹುಡುಕಿ, ಟ್ರೇಸಿಂಗ್ ಪೇಪರ್ ಮೇಲೆ ಎತ್ತಿಕೊಳ್ಳುತ್ತಿದ್ದರು.

ನನ್ನ ಮಟ್ಟಿಗೆ ಇಡೀ ಅಭ್ಯಾಸದಲ್ಲಿ ಇದೇ ಮುಖ್ಯ, ಎರಡು ವಾರವಾದರೂ ಇಲ್ಲೇ ನಿಲ್ಲಿ. ಓಡುತ್ತಿರುವ ಒಬ್ಬನನ್ನು ಪೆನ್ಸಿಲ್‌ನಲ್ಲಿ ಬರೆಯಿರಿ. ರಬ್ಬರ್ ಮುಟ್ಟಬೇಡಿ. ಬೆನ್ನಿನ ಗೆರೆ ಸರಿಬರದಿದ್ದರೆ ಅದರ ಮೇಲೇ ಇನ್ನೊಂದು, ಮತ್ತೊಂದು. ಕಾಗದ ಹಕ್ಕಿಗೂಡಿನಂತಾದಾಗ ಟ್ರೇಸಿಂಗ್ ಪೇಪರ್ ಹಾಸಿ. ಈಗ ಪೆನ್ ಹಿಡಿದು ಬೆನ್ನಿಗೆ ಒಂದು ಗೆರೆ ಮಾತ್ರ. ಎಳೆಯುವಾಗ ಪೆನ್ನಿನ ಮೊನೆ ನೋಡಬೇಡಿ, ಗೆರೆ ಹೋಗಿ ನಿಲ್ಲಬೇಕಾದ ಜಾಗ ನೋಡಿ. ಮಣಿಕಟ್ಟು ಬಿಗಿಯಾಗಿರಲಿ, ಮೊಣಕೈ ಚಲಿಸಲಿ. ಮೊದಮೊದಲು ಗೆರೆ ಅಂಕುಡೊಂಕಾಗುತ್ತದೆ. ಆಗಲಿ. ಕಲಿಯುವವರ ಚಿತ್ರ ಮಸುಕಾಗಿ ಕಾಣುವುದು ಡೊಂಕಿನಿಂದಲ್ಲ, ಹತ್ತು ಗೆರೆಗಳಲ್ಲಿ ಒಂದನ್ನು ಆರಿಸದೆ ಹತ್ತನ್ನೂ ಉಳಿಸಿಕೊಳ್ಳುವುದರಿಂದ.

ಇನ್ನೊಂದು ಗಮನಿಸಿ. ಟಿನ್‌ಟಿನ್‌ನ ಮುಖದಲ್ಲಿ ಏನೂ ಇಲ್ಲ, ಆದರೆ ಅವನು ಹತ್ತುವ ಕಾರು, ಹಡಗು, ವಿಮಾನ ಎಲ್ಲವೂ ಕರಾರುವಾಕ್ಕು. ಹಿನ್ನೆಲೆಯ ವಸ್ತುಗಳನ್ನು ನೆನಪಿನಿಂದ ಬರೆಯಬೇಡಿ, ನೋಡಿಯೇ ಬರೆಯಿರಿ.

ಹಂತ 4: ಕ್ಯಾನಿಫ್‌ರಿಂದ ಕಪ್ಪು

1930ರ ದಶಕದಲ್ಲಿ ಒಂದೇ ಸ್ಟುಡಿಯೊದಲ್ಲಿ ಕೆಲಸ ಮಾಡುತ್ತಿದ್ದ ಅಮೆರಿಕದ ಕಾಮಿಕ್ಸ್ ಕಲಾವಿದರಾದ ನೋಯೆಲ್ ಸಿಕಲ್ಸ್ ಮತ್ತು ಮಿಲ್ಟನ್ ಕ್ಯಾನಿಫ್ ಗೆರೆಯ ಬದಲು ಬ್ರಷ್‌ನ ಕಪ್ಪಿನಲ್ಲೇ ಕಥೆ ಹೇಳತೊಡಗಿದರು. ಪಾತ್ರ ತೊಟ್ಟ ಕೋಟಿಗೆ ನೂರು ಮಡಿಕೆ ಬರೆಯುವ ಬದಲು ನೆರಳಿನ ಭಾಗವನ್ನು ಪೂರ್ತಿ ಕಪ್ಪು ಮಾಡಿ, ಬೆಳಕಿನ ಭಾಗವನ್ನು ಖಾಲಿ ಬಿಟ್ಟರು. ಕೋಟಿನ ಬೆಳಕಿನ ಕಡೆಯ ಅಂಚಿಗೆ ಗೆರೆಯೇ ಇರುವುದಿಲ್ಲ, ಕಣ್ಣೇ ಅದನ್ನು ಎಳೆದುಕೊಳ್ಳುತ್ತದೆ.

ಬೆಂಕಿಪೊಟ್ಟಣದ ಅಳತೆಯ ಮೂರು ಚೌಕ ಹಾಕಿಕೊಂಡು ಒಂದೇ ದೃಶ್ಯವನ್ನು ಮೂರು ಸಲ ಬರೆಯಿರಿ, ಬೆಳಕು ಎಡದಿಂದ, ಬಲದಿಂದ, ಹಿಂದಿನಿಂದ. ಬೂದು ಬಣ್ಣಕ್ಕೆ ಜಾಗವಿಲ್ಲ. ಕಣ್ಣು ಕಿರಿದು ಮಾಡಿ ನೋಡಿದಾಗ ಯಾವ ಚೌಕದಲ್ಲಿ ಮುಖ ಮೊದಲು ಕಾಣುತ್ತದೋ ಅದನ್ನು ದೊಡ್ಡದು ಮಾಡಿ. ಕಪ್ಪು ತುಂಬಬೇಕಾದ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುಣಾಕಾರದ ಗುರುತು ಹಾಕಿಡುವುದು ಈ ಕಸುಬಿನ ಹಳೆಯ ರೂಢಿ. ಅದಿಲ್ಲದೆ ಇಂಕ್ ಹಿಡಿದರೆ, ಬಿಳಿಯಾಗಿರಬೇಕಾದ ಕೆನ್ನೆಯನ್ನೇ ಕಪ್ಪು ಮಾಡಿ ಕೂರುತ್ತೀರಿ.

ಹಂತ 5: ಕರ್ಬಿಯಿಂದ ಮುಷ್ಟಿ

ಕರ್ಬಿಯ ವೀರ ಗುದ್ದಿದರೆ ಮುಷ್ಟಿ ಓದುಗನ ಮೂಗಿಗೇ ಬರುತ್ತದೆ. ಮುಷ್ಟಿ ತಲೆಗಿಂತ ದೊಡ್ಡದು, ಅದರ ಹಿಂದೆ ಮುಂಗೈ ಇಷ್ಟೇ ಇಷ್ಟು, ತೋಳು ಇನ್ನೂ ಮೋಟು, ಭುಜ ಎಲ್ಲೋ ದೂರ. ಕಿಟಕಿ ಗಾಜಿನ ಕಾಲದಲ್ಲಿ ನನಗೆ ಹೊಳೆಯದೇ ಹೋದದ್ದು ಇಷ್ಟೆ: ಆ ಕೈ ಮೊದಲು ಡಬ್ಬಿ, ಆಮೇಲೆ ಕೈ. ಬೆರಳ ತುದಿಗಳೂ ಚೌಕವೇ. ಹಾಗಾಗಿ ಮೊದಲು ನಿಮ್ಮತ್ತ ಬರುವ ಡಬ್ಬಿ ಬರೆಯಿರಿ, ಹಿಂದೆ ಒಂದರ ಬೆನ್ನಿಗೊಂದು ಕೊಳವೆ ಜೋಡಿಸಿ, ಕೊನೆಗೆ ಡಬ್ಬಿಯ ಮೇಲೆ ಬೆರಳು ಕೆತ್ತಿ. ಶಕ್ತಿ ಚಿಮ್ಮುವ ಜಾಗದಲ್ಲಿ ಅವರು ಹಾಕುತ್ತಿದ್ದ ಕಪ್ಪು ಚುಕ್ಕೆಗಳ ಗುಂಪು ಎಲ್ಲರಿಗೂ ಇಷ್ಟ, ಅದಕ್ಕೆ ‘ಕರ್ಬಿ ಕ್ರ್ಯಾಕಲ್’ ಎಂಬ ಹೆಸರೇ ಇದೆ. ಆದರೆ ಅದರ ಕೆಳಗೆ ಡಬ್ಬಿ ಸರಿಯಿಲ್ಲದಿದ್ದರೆ ಎಷ್ಟು ಚುಕ್ಕೆ ಹಾಕಿದರೂ ದಂಡ.

ಹಂತ 6: ಒಂದೇ ದೃಶ್ಯ, ನಾಲ್ಕು ಸಲ

ಒಬ್ಬ ಬಾಗಿಲು ಸ್ವಲ್ಪವೇ ತೆರೆದು ಒಳಗೆ ಇಣುಕುತ್ತಾನೆ. ಇದನ್ನು ಶುಲ್ಟ್ಸ್‌ರ ಮುಖದಲ್ಲಿ, ಎರ್ಜೆಯ ಗೆರೆಯಲ್ಲಿ, ಕ್ಯಾನಿಫ್‌ರ ಕಪ್ಪಿನಲ್ಲಿ ಒಂದೊಂದು ಸಲ ಬರೆಯಿರಿ. ಚೌಕಟ್ಟು ಸಪ್ಪೆಯೆನಿಸಿದರೆ ಅಮೆರಿಕದ ಇನ್ನೊಬ್ಬ ಕಾಮಿಕ್ಸ್ ಕಲಾವಿದ ವಾಲಿ ವುಡ್‌ರ ಉಪಾಯಗಳಿವೆ. ಪಾತ್ರಗಳು ಬರೀ ಮಾತಾಡುತ್ತ ನಿಂತಿರುವ ಪುಟಗಳಿಗಾಗಿ ಅವರು 22 ಚೌಕಟ್ಟುಗಳ ಮಾದರಿ ಮಾಡಿಟ್ಟಿದ್ದರು: ಒಂದು ದೊಡ್ಡ ತಲೆ, ಪೂರ್ತಿ ಕಪ್ಪು ಆಕೃತಿ, ಹೀಗೆ. ಅವನ್ನೆಲ್ಲ ಒಂದೇ ಹಾಳೆಗೆ ಅಂಟಿಸಿ ಹಂಚಿದವರು ಅವರ ಸಹಾಯಕರಾಗಿದ್ದ ಲ್ಯಾರಿ ಹಾಮಾ.

ಪುಸ್ತಕಗಳನ್ನೆಲ್ಲ ಒಳಗಿಟ್ಟು, ಮರುದಿನ ಅದೇ ದೃಶ್ಯವನ್ನು ನಾಲ್ಕನೇ ಸಲ ನೆನಪಿನಿಂದ ಬರೆಯಿರಿ. ಅದು ಮೂವರಲ್ಲಿ ಯಾರದರಂತೆಯೂ ಇರುವುದಿಲ್ಲ. ಅದರ ಮೇಲೆ ಟ್ರೇಸಿಂಗ್ ಪೇಪರ್ ಹಾಸಿ, ಐದು ಗೆರೆ ಕಡಿಮೆ ಮಾಡಿ ಮತ್ತೆ ಎಳೆಯಿರಿ. ನನ್ನ ಚಿತ್ರದಲ್ಲಿ ಮೊದಲು ಹೋದದ್ದು ಬಾಗಿಲಿನ ಹಿಡಿ. ಅರ್ಧ ಗಂಟೆ ಕೂತು ಬರೆದಿದ್ದೆ. ಅವನ ಕೈ ಅದರ ಮೇಲೇ ಇತ್ತು, ಹಿಡಿ ಇಲ್ಲದಿರುವುದು ಯಾರಿಗೂ ಗೊತ್ತೇ ಆಗಲಿಲ್ಲ.