ಘಾಟಿ ಬಸ್ಸಿನ ಪ್ರಶ್ನೆಯೂ ಅರಿವಳಿಕೆಯ ನಂತರದ ವಾಂತಿಯೂ

ಮುಂಜಾಗ್ರತೆ ವಹಿಸದಿದ್ದರೆ, ಪೂರ್ಣ ಅರಿವಳಿಕೆಯಲ್ಲಿ ಶಸ್ತ್ರಚಿಕಿತ್ಸೆಯಾದ ಸುಮಾರು ಮೂವರಲ್ಲಿ ಒಬ್ಬರಿಗೆ ವಾಕರಿಕೆಯೋ ವಾಂತಿಯೋ ಕಾಡುತ್ತದೆ. ಹೊಟ್ಟೆಯ ಮೇಲೆ ಹಸಿ ಹೊಲಿಗೆಯಿರುವವರು ವಾಂತಿ ಮಾಡುವಾಗ ಪಡುವ ಸಂಕಟವನ್ನು ಹತ್ತಿರದಿಂದ ಕಂಡವರು ಇದನ್ನು ಸಣ್ಣ ತೊಂದರೆಯೆನ್ನಲಾರರು. ನೋವನ್ನಾದರೂ ತಡೆದುಕೊಳ್ಳುತ್ತೇನೆ, ಈ ವಾಂತಿ ಬೇಡ ಎಂದವರು ಎಷ್ಟೋ ಮಂದಿ. ಹಾಗಾಗಿ ಅರಿವಳಿಕೆ ವೈದ್ಯೆಯಾದ ನಾನು ಇದರ ತಡೆಯನ್ನು ಹಿಂದಿನ ದಿನದ ತಪಾಸಣೆಯಲ್ಲೇ ಆರಂಭಿಸುತ್ತೇನೆ.

1999ರಲ್ಲಿ ಅಪ್ಫೆಲ್ ಮತ್ತು ಸಂಗಡಿಗರು ಪ್ರಕಟಿಸಿದ ಸರಳ ಲೆಕ್ಕವೇ ನನಗೆ ಆಧಾರ. ಹೆಣ್ಣಾಗಿರುವುದು, ಧೂಮಪಾನ ಮಾಡದಿರುವುದು, ಹಿಂದೆ ಶಸ್ತ್ರಚಿಕಿತ್ಸೆಯ ನಂತರ ವಾಂತಿಯಾಗಿರುವುದು ಅಥವಾ ಪ್ರಯಾಣದಲ್ಲಿ ವಾಂತಿಯಾಗುವುದು, ಆಮೇಲೆ ಅಫೀಮು ವರ್ಗದ ನೋವುನಿವಾರಕ ಬೇಕಾಗುವುದು ಎಂಬ ನಾಲ್ಕು ಅಂಶಗಳಲ್ಲಿ ಒಂದೂ ಇಲ್ಲದಿದ್ದರೆ ಅಪಾಯ ಶೇ. 10ರಷ್ಟು, ನಾಲ್ಕೂ ಇದ್ದರೆ ಶೇ. 80ರಷ್ಟು. ನಮ್ಮ ಹೆಣ್ಣುಮಕ್ಕಳಲ್ಲಿ ಬಹುತೇಕರಿಗೆ ಮೊದಲೆರಡು ಅಂಶಗಳು ಹೇಗೂ ಇರುತ್ತವೆ. ಪ್ರಯಾಣದಲ್ಲಿ ವಾಂತಿಯಾಗುತ್ತದೆಯೇ ಎಂದು ಸುಮ್ಮನೆ ಕೇಳಿದರೆ ಇಲ್ಲವೆಂದೇ ಉತ್ತರ ಬರುತ್ತದೆ, "ಚಾರ್ಮಾಡಿ ಘಾಟಿ ಇಳಿಯುವಾಗ ಹೇಗಿರುತ್ತದಮ್ಮಾ?" ಎಂದರೆ, "ಕಿಟಕಿ ಪಕ್ಕ ಸೀಟಿಲ್ಲದಿದ್ದರೆ ನಾನು ಬಸ್ಸೇ ಹತ್ತುವುದಿಲ್ಲ ಡಾಕ್ಟ್ರೇ, ಕೈಯಲ್ಲಿ ನಿಂಬೆಹಣ್ಣು ಬೇಕೇಬೇಕು" ಎನ್ನುತ್ತಾರೆ. ಆ ಒಂದು ಮಾತಿನಿಂದ ಮರುದಿನದ ನನ್ನ ಯೋಜನೆಯೇ ಬದಲಾಗುತ್ತದೆ.

ಇಂಥವರಿಗೆ ಲ್ಯಾಪರೊಸ್ಕೋಪಿಯಲ್ಲಿ, ಎಂದರೆ ಸಣ್ಣ ರಂಧ್ರಗಳ ಮೂಲಕ, ಪಿತ್ತಕೋಶ ತೆಗೆಯುವುದಿದ್ದರೆ, ವಾಂತಿಯನ್ನು ಹೆಚ್ಚಿಸುವ ಸೆವೊಫ್ಲುರೇನ್‌ನಂಥ ಅನಿಲವನ್ನೂ ನೈಟ್ರಸ್ ಆಕ್ಸೈಡನ್ನೂ ಬಿಟ್ಟು, ಸಿರಿಂಜ್ ಪಂಪಿನ ಮೂಲಕ ರಕ್ತನಾಳಕ್ಕೆ ಪ್ರೊಪೊಫಾಲ್ ಎಂಬ ನಿದ್ದೆಯ ಔಷಧ ಹರಿಸಿಯೇ ಅರಿವಳಿಕೆಯನ್ನು ನಡೆಸುತ್ತೇನೆ. ಜೊತೆಗೆ ವಾಂತಿ ತಡೆಯುವ ಎರಡು ಔಷಧ ಕೊಡುತ್ತೇನೆ. ಸ್ಟೀರಾಯ್ಡ್ ಆದ ಡೆಕ್ಸಾಮೆಥಾಸೋನ್ ಕೆಲಸ ಆರಂಭಿಸಲು ಸಮಯ ಬೇಕಾದ್ದರಿಂದ ಅದನ್ನು ಮೊದಲಿಗೇ ಕೊಡಬೇಕು, ಆದರೆ ರೋಗಿ ನಿದ್ದೆಗೆ ಜಾರಿದ ಮೇಲೆ. ಎಚ್ಚರವಿರುವಾಗ ವೇಗವಾಗಿ ಕೊಟ್ಟರೆ ಗುಪ್ತಾಂಗದ ಸುತ್ತ ತಡೆಯಲಾಗದ ತುರಿಕೆ ಬರುತ್ತದೆ. ಸಾಮಾನ್ಯವಾಗಿ 4ರಿಂದ 8 ಮಿಲಿಗ್ರಾಂ ಸಾಕು, ಮಧುಮೇಹಿಗಳಲ್ಲಿ ಸಕ್ಕರೆ ಏರುವುದನ್ನು ಗಮನಿಸಬೇಕು. ಎರಡನೆಯದಾದ ಒಂಡಾನ್ಸೆಟ್ರಾನ್ 4 ಮಿಲಿಗ್ರಾಂ ಶಸ್ತ್ರಚಿಕಿತ್ಸೆ ಮುಗಿಯುವ ಹೊತ್ತಿಗೆ. ಇಸಿಜಿಯಲ್ಲಿ ಕ್ಯೂಟಿ ಅಂತರ (ಒಂದು ಬಡಿತದ ನಂತರ ಹೃದಯ ಮತ್ತೆ ಸಿದ್ಧವಾಗಲು ಹಿಡಿಯುವ ಹೊತ್ತು) ಉದ್ದವಿದ್ದವರಿಗೆ, ಹೃದಯದ ಲಯ ತಪ್ಪಬಹುದಾದ್ದರಿಂದ, ಅದನ್ನು ಕೊಡುವುದಿಲ್ಲ. ಐದು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಎರಡು ಔಷಧಗಳೂ ತಲಾ ಸುಮಾರು ಕಾಲು ಭಾಗದಷ್ಟು ಅಪಾಯವನ್ನು ತಗ್ಗಿಸಿದ್ದವು, ಒಂದರ ಪ್ರಯೋಜನ ಇನ್ನೊಂದರ ಮೇಲೆ ಕೂಡಿಕೊಂಡಿತ್ತು. ಒಂದೇ ಔಷಧದ ಪ್ರಮಾಣ ಏರಿಸುವುದಕ್ಕಿಂತ ಬೇರೆ ಬೇರೆ ಗುಂಪಿನವನ್ನು ಜೋಡಿಸುವುದು ಮೇಲೆಂದು ನಾನು ನಂಬಿರುವುದು ಇದರಿಂದಲೇ.

ನೋವಿನ ನಿರ್ವಹಣೆಯೂ ಇದರದೇ ಭಾಗ. ರಂಧ್ರ ಹಾಕಿದ ಜಾಗಗಳಿಗೆ ಆ ಭಾಗವನ್ನಷ್ಟೇ ಮರಗಟ್ಟಿಸುವ ಬುಪಿವಕೇನ್ ಚುಚ್ಚಿ, ಜೊತೆಗೆ ಪ್ಯಾರಾಸಿಟಮಾಲ್ ಕೊಟ್ಟರೆ ಅಫೀಮು ವರ್ಗದ ಫೆಂಟನಿಲ್, ಟ್ರಮಡಾಲ್‌ಗಳ ಅಗತ್ಯ ಬಹಳ ಕಡಿಮೆಯಾಗುತ್ತದೆ. ಶಸ್ತ್ರಚಿಕಿತ್ಸೆಗೆ ಎರಡು ಗಂಟೆ ಮೊದಲಿನವರೆಗೂ ತಿಳಿನೀರು ಕುಡಿಯಬಹುದೆಂದು ಅರ್ಹರಾದವರಿಗೆಲ್ಲ ಹೇಳಿರುತ್ತೇನೆ. ರಾತ್ರಿಯಿಂದಲೇ ಬಾಯಾರಿ ಬಂದವರಿಗೆ ವಾಕರಿಕೆ ಹೆಚ್ಚು.

ಇಷ್ಟಾದರೂ ಕೆಲವರಿಗೆ ವಾಂತಿಯಾಗುತ್ತದೆ. ಆಗ ಮೊದಲು ರಕ್ತದೊತ್ತಡ ಕುಸಿದಿದೆಯೇ, ನೋವು ಹೆಚ್ಚಿದೆಯೇ ಎಂದು ನೋಡಬೇಕು. ಒಂಡಾನ್ಸೆಟ್ರಾನ್ ಕೊಟ್ಟು ಆರು ಗಂಟೆಯೊಳಗೆ ಅದನ್ನೇ ಮತ್ತೆ ಕೊಟ್ಟರೆ ಹೆಚ್ಚಿನ ಪ್ರಯೋಜನವಿಲ್ಲ, ಬೇರೆ ಗುಂಪಿನ ಔಷಧವೇ ಬೇಕು. ಅದಕ್ಕಾಗಿ ಯಾವ ಔಷಧವನ್ನು ಎಷ್ಟು ಗಂಟೆಗೆ ಕೊಟ್ಟೆನೆಂಬುದನ್ನು ಕೇಸ್ ಶೀಟಿನ ಮೇಲ್ಭಾಗದಲ್ಲೇ ದಪ್ಪಕ್ಷರದಲ್ಲಿ ಬರೆದು, ರಾತ್ರಿ ಪಾಳಿಯ ಸಿಸ್ಟರಿಗೆ ಬಾಯಿಮಾತಿನಲ್ಲೂ ಹೇಳಿಯೇ ಹೊರಡುತ್ತೇನೆ.