ಜೋಗ ಕಾಣಲಿಲ್ಲ, ಅಡಿಕೆ ಸುಲಿಯೋ ಸದ್ದು ಕೇಳಿಸಿತು

ಸಾಗರದಲ್ಲಿ ನಾನು ಮದುವೆ ವಿಡಿಯೋ ಮಾಡಿಕೊಂಡಿದ್ದವನು. ಸ್ವಂತ ಸ್ಟುಡಿಯೋ ಇರಲಿಲ್ಲ. ಸೆಕೆಂಡ್ ಹ್ಯಾಂಡಿನಲ್ಲಿ ತಗೊಂಡ ಒಂದು ಸೋನಿ ಪಿಡಿ 170 ಕ್ಯಾಮೆರಾ, ಮನೆಯಲ್ಲಿ ಒಂದು ಪೆಂಟಿಯಂ 4 ಕಂಪ್ಯೂಟರ್, ಅಷ್ಟೇ. ಯಾವ ಸ್ಟುಡಿಯೋದವರು ಕರೆದರೂ ಹೋಗೋದು. ಮೇ ತಿಂಗಳಲ್ಲಿ ನಿದ್ದೆ ಇಲ್ಲ, ಆಷಾಢದಲ್ಲಿ ಕೆಲಸ ಇಲ್ಲ. ಯೂಟ್ಯೂಬಿಗೆ ನಾನು ಕಾಲಿಟ್ಟಿದ್ದು ಆಷಾಢದ ದೆಸೆಯಿಂದಲೇ.

2007ರ ಮಳೆಗಾಲ. ಕೈ ಖಾಲಿ. ಊರಿಂದ ಜೋಗ ಸುಮಾರು 30 ಕಿಲೋಮೀಟರ್. ಕ್ಯಾಮೆರಾಕ್ಕೆ ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು ಬೈಕಿನಲ್ಲಿ ಹೋದೆ. ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಮೈತುಂಬಿ ಬೀಳುತ್ತಿದ್ದವು. ಮಂಜು ಸರಿಯೋ ತನಕ ಎರಡು ತಾಸು ಕಾದು, ಒಂದೇ ಒಂದು ಉದ್ದನೆಯ ಶಾಟ್ ತೆಗೆದೆ. ಟೀವಿಗೆ ಹಾಕಿ ನೋಡಿದರೆ ನನಗೇ ರೋಮಾಂಚನ. ಅಮೆರಿಕದಲ್ಲಿರೋ ನಮ್ಮೂರ ಹುಡುಗರು ನೋಡಿ ಅತ್ತೇ ಬಿಡ್ತಾರೆ ಅಂದುಕೊಂಡು ಅಪ್‌ಲೋಡ್ ಮಾಡಿದೆ.

ಯೂಟ್ಯೂಬಿನಲ್ಲಿ ಕಂಡದ್ದು ಬೂದು ಬಣ್ಣದ ಚೌಕಗಳು. 253 ಮೀಟರ್ ಎತ್ತರದ ಜಲಪಾತ ಹೋಗಿ ಒದ್ದೆ ಸಿಮೆಂಟ್ ಗೋಡೆ ಆಗಿತ್ತು. ಆಗಿನ ಸೋಶಿಯಲ್ ಮೀಡಿಯಾ ಆರ್ಕುಟ್‌ನಲ್ಲಿ ಲಿಂಕ್ ಹಾಕಿದ್ದೆ, ಒಬ್ಬ "ಇದು ಎಲ್ಲಿಯ ಬೆಂಕಿ ಹೊಗೆ?" ಅಂತ ಕೇಳಿದ.

ಯಾಕೆ ಹೀಗಾಯಿತು ಅಂತ ಗೊತ್ತಾಗಲು ಒಂದು ತಿಂಗಳು ಬೇಕಾಯಿತು. ವಿಡಿಯೋವನ್ನು ಕುಗ್ಗಿಸೋ ಸಾಫ್ಟ್‌ವೇರ್ ಹಿಂದಿನ ಫ್ರೇಮಿಗೂ ಈ ಫ್ರೇಮಿಗೂ ಏನು ಬದಲಾಗಿದೆ ಅನ್ನೋದನ್ನಷ್ಟೇ ಇಟ್ಟುಕೊಳ್ಳುತ್ತೆ. ಗೋಡೆ ಮುಂದೆ ಕೂತು ಮಾತಾಡೋನಿಗೆ ಬಾಯಿ ಬಿಟ್ಟರೆ ಬೇರೇನೂ ಅಲುಗಾಡಲ್ಲ, ಅವನ ವಿಡಿಯೋ ಚೆನ್ನಾಗಿ ಕುಗ್ಗುತ್ತೆ. ಜೋಗದಲ್ಲಿ ಅಲುಗಾಡದೆ ಇರೋದು ಏನಿದೆ ಹೇಳಿ? ನೀರು, ಮಂಜು, ಮಳೆ ಹನಿ, ಗಾಳಿಗೆ ಕಾಡು, ಎಲ್ಲವೂ ಪ್ರತಿ ಫ್ರೇಮಿನಲ್ಲೂ ಹೊಸದು. ಆಗಿನ ಯೂಟ್ಯೂಬ್ ತೋರಿಸುತ್ತಿದ್ದದ್ದು 320 ಬೈ 240 ಚುಕ್ಕಿಗಳ ಚಿತ್ರ, ಅಂಚೆ ಕಾರ್ಡಿಗಿಂತ ಚಿಕ್ಕದು. ಆ ಕಾಲದ ವಿಡಿಯೋ ಬ್ಲಾಗಿನವರೆಲ್ಲ ಯಾಕೆ ಕ್ಯಾಮೆರಾ ಮುಂದೆ ಮುಖ ಇಟ್ಟುಕೊಂಡು ಕೂತು ಮಾತಾಡುತ್ತಿದ್ದರು ಅನ್ನೋದು ನನಗೆ ಅರ್ಥ ಆಗಿದ್ದು ಆಮೇಲೆ. ಮುಖ ತೋರಿಸೋ ಆಸೆ ಒಂದು ಕಡೆ ಇರಲಿ, ಮುಖವಾದರೆ ಕಾಣುತ್ತಿತ್ತು. ಯೂಟ್ಯೂಬಿಗೆ ಹತ್ತಿದ ಮೊದಲ ವಿಡಿಯೋನೇ ನೋಡಿ, 2005ರ ಏಪ್ರಿಲ್ 23ರದ್ದು, ಯೂಟ್ಯೂಬ್ ಕಟ್ಟಿದವರಲ್ಲಿ ಒಬ್ಬನಾದ ಜಾವೇದ್ ಕರೀಂ ಆನೆಗಳ ಮುಂದೆ ನಿಂತು 19 ಸೆಕೆಂಡ್ ಮಾತಾಡುತ್ತಾನೆ. ಅವನು ಹತ್ತಿರ ಇದ್ದಾನೆ, ಆನೆ ಹಿಂದೆ.

ಮದುವೆ ವಿಡಿಯೋದವರ ಚಾಳಿ ಬೇರೆ. ನಮಗೆ ಇಡೀ ಮಂಟಪ ಬರಬೇಕು, ನೆಂಟರೆಲ್ಲ ಬರಬೇಕು, ಒಬ್ಬರು ಬಿಟ್ಟು ಹೋದರೂ ಬೈಗುಳ. ಆ ಅಭ್ಯಾಸ ಬಿಡೋಕೆ ನನಗೆ ಕಷ್ಟ ಆಯಿತು.

ಕೆಲಸದ ಕ್ರಮವನ್ನೂ ಹೇಳಿಬಿಡ್ತೀನಿ, ಈಗಿನ ಹುಡುಗರಿಗೆ ತಮಾಷೆ ಅನಿಸಬಹುದು. ಮಿನಿಡಿವಿ ಕ್ಯಾಸೆಟ್ ಒಂದಕ್ಕೆ 60 ನಿಮಿಷ. ಅದನ್ನು ಫೈರ್‌ವೈರ್ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸೋಕೂ ಸರಿಯಾಗಿ 60 ನಿಮಿಷವೇ. ಇಳಿದರೆ ಸುಮಾರು 13 ಜಿಬಿ. ನನ್ನ ಹಾರ್ಡ್‌ಡಿಸ್ಕ್ ಒಟ್ಟು 80 ಜಿಬಿ, ಅದರಲ್ಲಿ ಅರ್ಧ ಯಾರದೋ ಆರತಕ್ಷತೆ. ಯೂಟ್ಯೂಬಿಗೆ ಆಗ 10 ನಿಮಿಷದ ಮಿತಿ, ಅದು 15 ಆಗಿದ್ದು 2010ರಲ್ಲಿ. ಫೈಲನ್ನು 100 ಎಂಬಿ ಒಳಗೆ ತರಬೇಕು ಅನ್ನೋ ಲೆಕ್ಕದಲ್ಲೇ ನಾನು ಕೆಲಸ ಮಾಡುತ್ತಿದ್ದೆ. ನಮ್ಮ ಕ್ಯಾಮೆರಾದ ಚಿತ್ರ ಸಾಲು ಬಿಟ್ಟು ಸಾಲು ಹೆಣೆದದ್ದು, ಅರ್ಧ ಸಾಲು ಒಂದು ಕ್ಷಣದ್ದು, ಉಳಿದರ್ಧ ಮುಂದಿನ ಕ್ಷಣದ್ದು. ಹಾಗೇ ಚಿಕ್ಕದು ಮಾಡಿದರೆ ಕೈ ಆಡಿಸಿದಾಗೆಲ್ಲ ಬಾಚಣಿಗೆ ಹಲ್ಲಿನ ಹಾಗೆ ಗೆರೆ ಬೀಳುತ್ತಿತ್ತು. ಒಂದು ಪಾಲು ಸಾಲನ್ನು ಪೂರ್ತಿ ಎಸೆದುಬಿಡೋದು ಅನ್ನೋ ಉಪಾಯ ನನಗೆ ಹೊಳೆದಾಗ ಹಬ್ಬ ಆದಷ್ಟು ಖುಷಿ. ಕ್ಯಾಮೆರಾದ 576 ಸಾಲಿನಲ್ಲಿ 288 ಹೋದರೂ ಯೂಟ್ಯೂಬಿನ 240ಕ್ಕೆ ಸಾಕಲ್ವಾ?

ಅಪ್‌ಲೋಡ್ ಮಾಡೋದು ರಾತ್ರಿ. ಬಿಎಸ್ಸೆನ್ನೆಲ್‌ನ ಡೇಟಾಒನ್ ಬ್ರಾಡ್‌ಬ್ಯಾಂಡ್ ಪ್ಲಾನಿನಲ್ಲಿ ಆಗ ರಾತ್ರಿ 2ರಿಂದ ಬೆಳಗ್ಗೆ 8ರವರೆಗೆ ಎಷ್ಟು ಬಳಸಿದರೂ ಲೆಕ್ಕಕ್ಕಿಲ್ಲ. ಹಗಲಲ್ಲಿ ಹಾಕಿದರೆ ಬಿಲ್ಲು ನೋಡಿ ಅಪ್ಪ ಮೋಡೆಮ್ಮನ್ನೇ ಬಾವಿಗೆ ಹಾಕುತ್ತಿದ್ದರು. ಅಲಾರಂ ಇಟ್ಟು ಎರಡಕ್ಕೆ ಏಳೋದು, ಅಪ್‌ಲೋಡ್ ಒತ್ತೋದು, ಚಾದರ ಹೊದ್ದು ಪಕ್ಕದಲ್ಲೇ ಕೂರೋದು. ಎಲ್ಲ ಸರಿ ಇದ್ದರೆ ಒಂದೂವರೆ ತಾಸು. ಮಲೆನಾಡಿನ ಮಳೆಗಾಲದಲ್ಲಿ ಎಲ್ಲ ಸರಿ ಇರೋದು ಯಾವಾಗ? 90 ಪರ್ಸೆಂಟಿಗೆ ಕರೆಂಟ್ ಹೋದರೆ ಮತ್ತೆ ಸೊನ್ನೆಯಿಂದಲೇ. ನಿಂತಲ್ಲಿಂದ ಮುಂದುವರಿಸೋ ಸೌಲಭ್ಯ ಆಗ ಇರಲಿಲ್ಲ.

ಇನ್ನು ಅಡಿಕೆಯ ಕಥೆ.

ಧನುರ್ಮಾಸದಲ್ಲೂ ಮದುವೆ ಇಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಹೆಗ್ಗೋಡಿನ ಕಡೆ ಸೋದರತ್ತೆ ಮನೆಗೆ ಹೋಗಿದ್ದೆ. ಕೊಯ್ಲಿನ ಸಮಯ. ಸಂಜೆ ಆದರೆ ಅಂಗಳದ ಚಪ್ಪರದಡಿ ಹೆಂಗಸರು ಬಂದು ಮೆಟ್ಟುಗತ್ತಿ, ಅಂದರೆ ಕಾಲಲ್ಲಿ ಮೆಟ್ಟಿ ಹಿಡಿಯೋ ಕತ್ತಿ, ಹಾಕಿಕೊಂಡು ಹಸಿ ಅಡಿಕೆ ಸುಲಿಯೋಕೆ ಕೂರುತ್ತಾರೆ. ಮಧ್ಯರಾತ್ರಿವರೆಗೂ ಸುಲಿಯುತ್ತಾರೆ, ಡಬ್ಬದ ಲೆಕ್ಕದಲ್ಲಿ ಕೂಲಿ. ನಾನು ಸುಮ್ನೆ ಕ್ಯಾಮೆರಾ ತೆಗೆದೆ. ಅತ್ತೆ, "ಮಾಣಿ, ಆ ಡಬ್ಬಿ ಬದಿಗಿಡು, ಮೊದಲು ಕಷಾಯ ಕುಡಿ" ಅಂದರು. ಕುಡಿದೆ.

ಅಂಗಳದಲ್ಲಿ ಇದ್ದದ್ದು ಎರಡೇ ಬಲ್ಬು. ಮದುವೆಯ ಲೈಟು ತಂದಿರಲಿಲ್ಲ. ಪಿಡಿ 170 ಕತ್ತಲಿಗೆ ಹೆಸರಾದ ಕ್ಯಾಮೆರಾ, ಆದರೂ ದೂರದಿಂದ ತೆಗೆದರೆ ಬರೀ ಕಾಳು ಕಾಳು. ಬೇರೆ ದಾರಿ ಇಲ್ಲದೆ ಹತ್ತಿರ ಹೋಗಿ ನೆಲದ ಮೇಲೆ ಕೂತೆ, ಒಬ್ಬ ಅಕ್ಕನ ಕೈಯಿಂದ ಎರಡಡಿ ದೂರದಲ್ಲಿ. ಎಡಗೈಯಲ್ಲಿ ಅಡಿಕೆ ಹಿಡಿದು ಕತ್ತಿಯ ಅಲಗಿಗೆ ಒತ್ತುತ್ತಾಳೆ, ಚಕ್. ತಿರುಗಿಸಿ ಇನ್ನೊಮ್ಮೆ, ಚಕ್. ಬಲಗೈ ಬೆರಳು ಸಿಪ್ಪೆಯನ್ನು ಎಳೆಯುತ್ತೆ, ಬೆಳ್ಳಗಿನ ಅಡಿಕೆ ಬುಟ್ಟಿಗೆ ಟಪ್ ಅಂತ ಬೀಳುತ್ತೆ. ಕಣ್ಣು ಕೈ ಕಡೆ ಇಲ್ಲವೇ ಇಲ್ಲ, ಪಕ್ಕದವಳ ಮುಖದ ಮೇಲೆ ಇದೆ. ಬೆರಳ ತುದಿ ಚೊಗರಿಗೆ ಕಪ್ಪಾಗಿದೆ. ಹತ್ತು ಜನ ಹೀಗೆ ಕೂತಾಗ ಎಲ್ಲರ ಚಕ್ ಚಕ್ ಸೇರಿ ದೂರದಲ್ಲಿ ಸಣ್ಣ ಮಳೆ ಬಂದ ಹಾಗೆ ಕೇಳುತ್ತೆ. ಆ ಸದ್ದು ನಾನು ಚಿಕ್ಕಂದಿನಿಂದ ಕೇಳಿದ್ದೆ, ಹೆಡ್‌ಫೋನಿನಲ್ಲಿ ಕೇಳಿದ್ದು ಅವತ್ತೇ ಮೊದಲು.

ಒಂಬತ್ತು ನಿಮಿಷಕ್ಕೆ ಕಟ್ ಮಾಡಿದೆ. ಹಿನ್ನೆಲೆಗೆ ಕೊಳಲು ಹಾಕಿದ್ದೆ, ಮದುವೆ ಬುದ್ಧಿ ಅಲ್ವಾ. ಕೊಳಲು ಇಟ್ಟು ಒಂದು ಸಲ, ತೆಗೆದು ಒಂದು ಸಲ ತಂಗಿಗೆ ಕೇಳಿಸಿದೆ. ಅವಳು ಎರಡನೆಯದಕ್ಕೆ ಮಾತಾಡದೆ ಪೂರ್ತಿ ಕೂತಳು. ಕೊಳಲು ತೆಗೆದೆ.

ಆಗೆಲ್ಲ ವಿಡಿಯೋದ ಮುಖಚಿತ್ರ ನಮ್ಮ ಕೈಯಲ್ಲಿರಲಿಲ್ಲ. ಸಾಮಾನ್ಯವಾಗಿ ನಟ್ಟನಡುವಿನ ಫ್ರೇಮನ್ನು ಯೂಟ್ಯೂಬ್ ತಾನೇ ತಗೊಳ್ಳುತ್ತಿತ್ತು. ಹಿಂದೊಮ್ಮೆ ನಡುವಿನ ಫ್ರೇಮಿನಲ್ಲಿ ನನ್ನ ಭಾವ ಬಾಯಿ ಅಗಲಿಸಿ ಆಕಳಿಸುತ್ತಿದ್ದ, ತಿಂಗಳುಗಟ್ಟಲೆ ಅದೇ ಚಿತ್ರ. ಅದಕ್ಕೆ ಈ ಸಲ ನಾಲ್ಕೂವರೆ ನಿಮಿಷಕ್ಕೆ ಸರಿಯಾಗಿ ಸುಲಿದ ಅಡಿಕೆ ಹಿಡಿದ ಬೆರಳು ಬರೋ ಹಾಗೆ ಮುಂದಿನ ಶಾಟು ಹಿಂದಿನ ಶಾಟು ಎಳೆದು ಕೂರಿಸಿದೆ. ಹೆಸರು ಹಾಕೋದು ಇನ್ನೊಂದು ಪಾಡು. ವಿಡಿಯೋದೊಳಗಿನ ಟೈಟಲ್ಲಿಗೆ ನುಡಿ ಅನ್ನೋ ಹಳೆ ಕನ್ನಡ ಫಾಂಟು, ಯಾಕಂದರೆ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಯೂನಿಕೋಡ್ ಕನ್ನಡ ಒತ್ತಕ್ಷರ ಎಲ್ಲ ಚೆಲ್ಲಾಪಿಲ್ಲಿ. ಅದನ್ನೇ ಕಾಪಿ ಮಾಡಿ ಯೂಟ್ಯೂಬಿನಲ್ಲಿ ಅಂಟಿಸಿದರೆ ಇಂಗ್ಲಿಷ್ ಅಕ್ಷರದ ಗೊಜ್ಜು. ಬರಹ ಅನ್ನೋ ಕನ್ನಡ ಸಾಫ್ಟ್‌ವೇರಿನಲ್ಲಿ ಯೂನಿಕೋಡಿಗೆ ಬದಲಾಯಿಸಿ ಹಾಕಿದೆ, ಅರ್ಧ ಜನಕ್ಕೆ ಡಬ್ಬಿ ಡಬ್ಬಿ ಕಂಡಿತಂತೆ. ಕೊನೆಗೆ ಅಡಿಕೆ, ಅರೆಕಾನಟ್, ಬೀಟಲ್‌ನಟ್ ಮೂರನ್ನೂ ಇಂಗ್ಲಿಷ್ ಅಕ್ಷರದಲ್ಲಿ ಬರೆದೆ. ಹುಡುಕೋರು ಹಾಗೇ ಹುಡುಕುತ್ತಿದ್ದರು.

ಆ ವಿಡಿಯೋ ಓಡಿತು. ಎರಡು ವಾರದಲ್ಲಿ ನಾಲ್ಕು ಸಾವಿರ ಚಿಲ್ಲರೆ ಸಲ ನೋಡಿದ್ದರು, ಆಗಿನ ಕಾಲಕ್ಕೆ ನನಗೆ ಅದು ಸಿನಿಮಾ ಬಿಡುಗಡೆ. ಡಲ್ಲಾಸ್‌ನಿಂದ ಒಬ್ಬರು, ಆಫೀಸಿನಲ್ಲಿ ಚಿತ್ರ ಮುಚ್ಚಿಟ್ಟು ಸದ್ದು ಮಾತ್ರ ಹಾಕಿಕೊಂಡು ಕೆಲಸ ಮಾಡ್ತೀನಿ ಅಂತ ಬರೆದಿದ್ದರು.

ಸದ್ದು ಮಾತ್ರ ಕೇಳೋರು ಅವರೊಬ್ಬರೇ ಅಲ್ಲ ಅನ್ನೋದು ಆಮೇಲೆ ಗೊತ್ತಾಯಿತು. ಒಂದು ಮಧ್ಯಾಹ್ನ ಬೆಂಗಳೂರಿನಿಂದ ಫೋನು. "ರೀ, ನಿಮ್ಮ ವಿಡಿಯೋದಲ್ಲಿ 6 ನಿಮಿಷ 10 ಸೆಕೆಂಡಿಗೆ ಹೋಗಿ, ಹೆಡ್‌ಫೋನ್ ಹಾಕಿಕೊಂಡು ಕೇಳಿ, ಆಮೇಲೆ ನನಗೆ ಫೋನ್ ಮಾಡಿ." ಅಷ್ಟೇ ಹೇಳಿ ಇಟ್ಟರು. ಕೇಳಿದೆ. ಚಕ್ ಚಕ್ ಎಲ್ಲ ಒಂದು ಗಳಿಗೆ ನಿಂತಿದೆ, ಒಬ್ಬಳು ಪಿಸುಮಾತಿನಲ್ಲಿ, "ಸಣ್ಣಾವ ಬೆಂಗ್ಳೂರಾಗೆ ಸೈಟ್ ತಗಂಡಾನಂತೆ, ಅಣ್ಣಂಗೆ ಗೊತ್ತೇ ಇಲ್ಲಂತೆ" ಅನ್ನುತ್ತಾಳೆ. ಮುಂದೆ ಮನೆ ಹೆಸರೂ ಬರುತ್ತೆ. ಫೋನ್ ಮಾಡಿದವರೇ ಆ ಸಣ್ಣವರು. ಮನೆಯಲ್ಲಿ ಆಗಿನ್ನೂ ಆಸ್ತಿ ಹಿಸ್ಸೆ ಆಗಿರಲಿಲ್ಲ.

ತಪ್ಪು ಪೂರ್ತಿ ನಂದೇ. ಕ್ಯಾಮೆರಾದ ಆಡಿಯೋವನ್ನು ಆಟೋಮ್ಯಾಟಿಕ್‌ನಲ್ಲಿ ಬಿಟ್ಟಿದ್ದೆ. ಆಟೋದಲ್ಲಿ ಕ್ಯಾಮೆರಾ ಏನು ಮಾಡುತ್ತೆ ಅಂದರೆ, ಸದ್ದು ಜಾಸ್ತಿ ಇದ್ದಾಗ ತಗ್ಗಿಸುತ್ತೆ, ಮೌನ ಆದ ಕೂಡಲೇ ಎತ್ತುತ್ತೆ. ಕತ್ತಿಗಳು ನಿಂತಾಗೆಲ್ಲ ಅದು ಕಿವಿ ಉದ್ದ ಮಾಡಿಕೊಂಡು ಪಿಸುಮಾತನ್ನು ಬಾಚಿ ತಂದಿದೆ. ನಾನು ಎಡಿಟ್ ಮಾಡುವಾಗ ಲಯ ಕೇಳಿದ್ದೆ, ಮಾತು ಕೇಳಿರಲಿಲ್ಲ. ಅದಕ್ಕಿಂತ ದೊಡ್ಡದು, ಆ ಹೆಂಗಸರನ್ನು ತೆಗೀಲಾ ಅಂತ ಕೇಳಿದ್ದೆ, ಅವರು ನಕ್ಕು ತಲೆ ಆಡಿಸಿದ್ದರು. ಅವರಿಗೆ ಗೊತ್ತಿದ್ದ ವಿಡಿಯೋ ಅಂದರೆ ಮದುವೆಯದು, ಕ್ಯಾಸೆಟ್ ಮನೆಯ ಕಪಾಟಿನಲ್ಲಿ ಇರುತ್ತೆ ಅಂತ. ಡಲ್ಲಾಸ್ ಕೇಳುತ್ತೆ ಅಂತ ನಾನು ಹೇಳಿರಲಿಲ್ಲ.

ಅವತ್ತೇ ತೆಗೆದೆ. ಅದೇ ಲಿಂಕಿನಲ್ಲಿ ತಿದ್ದಿದ ವಿಡಿಯೋ ಹಾಕೋಕೆ ಬರಲ್ಲ, ಹೊಸದಾಗಿ ಹಾಕಬೇಕು, ಎಣಿಕೆ ಸೊನ್ನೆಯಿಂದ. ಹಾಕಿದೆ, ಮೊದಲಿನಷ್ಟು ಓಡಲಿಲ್ಲ. ಅಲ್ಲಿಂದ ಮುಂದೆ ಆಡಿಯೋ ಮ್ಯಾನ್ಯುವಲ್ಲೇ. ಕಟ್ ಮುಗಿದ ಮೇಲೆ ಎರಡು ಸಲ ಕೇಳ್ತೀನಿ, ಒಂದು ಸಲ ಸದ್ದಿಗೆ, ಇನ್ನೊಂದು ಸಲ ಬರೀ ಮಾತಿಗೆ, ಮಾನಿಟರ್ ಆಫ್ ಮಾಡಿ.

ದುಡ್ಡು ಬಂತಾ ಅಂತ ಎಲ್ಲರೂ ಕೇಳ್ತಾರೆ. ಯೂಟ್ಯೂಬಿನಿಂದ ಆಗ ಬರಲಿಲ್ಲ. 2007ರಲ್ಲಿ ಜಾಹೀರಾತಿನ ಹಣ ಹಂಚೋ ಪಾರ್ಟ್ನರ್ ಪದ್ಧತಿ ಶುರುವಾಗಿತ್ತು, ಆದರೆ ಮೊದಮೊದಲು ಅವರೇ ಆರಿಸಿದ ಕೆಲವರಿಗಷ್ಟೇ. ಅಮೆರಿಕದ ಬ್ಲಿಪ್ ಟೀವಿ ಅನ್ನೋ ಇನ್ನೊಂದು ವಿಡಿಯೋ ವೆಬ್‌ಸೈಟ್ ಜಾಹೀರಾತಿನ ಹಣದಲ್ಲಿ ಅರ್ಧ ಕೊಡುತ್ತಿತ್ತು, ಅಲ್ಲೂ ಹಾಕಿ ನೋಡಿದೆ, ಬಂದದ್ದು ಹೇಳಿಕೊಳ್ಳೋ ಹಾಗಿಲ್ಲ. ನನಗೆ ದುಡ್ಡು ಬಂದದ್ದು ಆ ವಿಡಿಯೋ ನೋಡಿ ಕರೆದವರಿಂದ. ನ್ಯೂಜೆರ್ಸಿಯ ಒಬ್ಬರು, ತಮ್ಮನ ಮಗನ ಉಪನಯನ, ಬರೋಕಾಗಲ್ಲ, ಅವತ್ತೇ ರಾತ್ರಿ ನೋಡಬೇಕು ಅಂದರು. ನಾಲ್ಕು ತಾಸಿನ ಉಪನಯನವನ್ನು ಹತ್ತತ್ತು ನಿಮಿಷದ ಮೂರು ತುಂಡು ಮಾಡಿದೆ. ಮನೆಯವರ ವಿಡಿಯೋ, ಪ್ರೈವೇಟ್ ಇರಬೇಕು. ಆಗ ಪ್ರೈವೇಟ್ ವಿಡಿಯೋ 25 ಜನಕ್ಕಷ್ಟೇ ತೋರಿಸಬಹುದಿತ್ತು. ಲಿಂಕ್ ಇದ್ದೋರು ನೋಡಬಹುದು ಅನ್ನೋ ಅನ್‌ಲಿಸ್ಟೆಡ್ 2010ರಲ್ಲಿ ಬಂದದ್ದು. ಆ 25ರಲ್ಲಿ ಯಾರ ಹೆಸರು ಅನ್ನೋದಕ್ಕೆ ಅಪ್ಪನ ಕಡೆ, ಅಮ್ಮನ ಕಡೆ ಅಂತ ಎರಡು ದಿನ ಜಟಾಪಟಿ. ಕೊನೆಗೆ 12 ಮತ್ತು 13. ಆ 13 ಯಾಕೆ ಅಂತ ಇವತ್ತಿಗೂ ಮಾತು ಉಳಿದಿದೆ. ನಾಲ್ಕು ಜನ ದೊಡ್ಡಪ್ಪಂದಿರಿಗೆ ನಾನೇ ಕೂತು ಅಕೌಂಟ್ ಮಾಡಿಕೊಟ್ಟೆ, ಪಾಸ್‌ವರ್ಡ್ ಅವರ ಪಂಚಾಂಗದ ಹಿಂದೆ ಬರೆದುಕೊಟ್ಟೆ. ಹುಡುಗನ ಅಜ್ಜ 2,500 ರೂಪಾಯಿ ಕೈಗಿಟ್ಟು, ಮೇಲೆ ಒಂದು ಬಾಳೆಗೊನೆ ಕೊಟ್ಟರು. ಬೈಕಿನಲ್ಲಿ ಕ್ಯಾಮೆರಾ ಒಂದು ಕಡೆ, ಗೊನೆ ಒಂದು ಕಡೆ.

ಅಂಥ ಕೆಲಸ ನಾಲ್ಕೈದು ವರ್ಷ ಸಿಕ್ಕಿತು. ಆಮೇಲೆ ಎಲ್ಲರ ಕೈಗೂ ಫೋನು ಬಂತು.

ಹೋದ ವರ್ಷ ಅತ್ತೆ ಮನೆಯಲ್ಲಿ ಆ ಅಕ್ಕ ಸಿಕ್ಕಳು. ಈಗ ಸುಲಿಯೋದು ಮೆಷಿನ್ನು, ಅವಳು ಬರೀ ಹೆಕ್ಕಿ ಆರಿಸೋಕೆ ಬರ್ತಾಳೆ. ಹಳೆ ಕ್ಯಾಸೆಟ್ ಇದೆಯಾ ಅಂತ ಕೇಳಿದಳು. ಕಂಪ್ಯೂಟರಿನಲ್ಲಿ ಫೈರ್‌ವೈರ್ ತೂತೇ ಇಲ್ಲ ಈಗ. ಅದಕ್ಕೆ ಕ್ಯಾಮೆರಾವನ್ನೇ ತಗೊಂಡು ಹೋಗಿ, ಅದರ ಅಂಗೈ ಅಗಲದ ಪರದೆಯಲ್ಲಿ ಹಾಕಿ, ಅವಳ ಕಿವಿಗೆ ಹೆಡ್‌ಫೋನ್ ಇಟ್ಟೆ. ಮೂಲ ಕ್ಯಾಸೆಟ್ಟಿನಲ್ಲಿ ನಾನು ಏನನ್ನೂ ಅಳಿಸಿರಲಿಲ್ಲ. ಸುಮಾರು ಹೊತ್ತು ಸುಮ್ಮನೆ ಕೇಳಿದಳು, ಕೈ ತಾನಾಗೇ ತೊಡೆ ಮೇಲೆ ಆಡುತ್ತಿತ್ತು. ಆ ಜಾಗ ಬಂದ ಕೂಡಲೇ ಹೆಡ್‌ಫೋನ್ ತೆಗೆದು, ಬಾಯಿಗೆ ಸೆರಗು ಹಿಡಿದು ನಕ್ಕು, ನನ್ನ ಹತ್ತಿರ ಬಗ್ಗಿ ಅದೇ ಪಿಸುದನಿಯಲ್ಲಿ ಕೇಳಿದಳು:

"ಆ ಸೈಟಿಗೆ ಈಗ ಎಷ್ಟಾಗೈತಂತೆ?"