ಮಲೆನಾಡಿನ ದಾರಿಗೆ ಎಂಥ ಕ್ಯಾಂಪರ್ ವ್ಯಾನ್? ಮೊದಲು ಟೇಪು ಹಿಡಿಯಿರಿ

ಎರಡು ವರ್ಷದ ಹಿಂದೆ ಬೆಂಗಳೂರಿನಿಂದ ಬಾಡಿಗೆಗೆ ತಂದ ದೊಡ್ಡ ಕಾರವಾನ್ ಒಂದನ್ನು ತೀರ್ಥಹಳ್ಳಿ ದಾಟಿ ಮಾವನ ಮನೆಗೆ ಒಯ್ದಿದ್ದೆ. ಒಯ್ದಿದ್ದೆ ಅನ್ನುವುದೂ ಸುಳ್ಳೇ, ಮನೆ ಮುಟ್ಟಲೇ ಇಲ್ಲ. ಟಾರು ಬಿಟ್ಟು ತೋಟದ ದಾರಿಗೆ ಇಳಿದು ಅರ್ಧ ಕಿಲೋಮೀಟರ್ ಆಗಿತ್ತೋ ಇಲ್ಲವೋ, ತಲೆ ಮೇಲೆ ಪಟಾರ್ ಅಂತ ಸದ್ದಾಯಿತು. ಹಲಸಿನ ಕೊಂಬೆ. ಚಾವಣಿಯ ಗಾಳಿಕಿಂಡಿಯ ಮುಚ್ಚಳ ಎರಡು ಹೋಳು. ಮುಂದೆ ಹೋಗೋಣ ಅಂದರೆ ದಣಪೆಯ, ಅಂದರೆ ತೋಟದ ಬಾಗಿಲಿನ, ಎರಡು ಕಲ್ಲುಕಂಬದ ನಡುವೆ ಗಾಡಿ ತೂರುವುದಿಲ್ಲ. ತಿರುಗಿಸೋಣ ಅಂದರೆ ಒಂದು ಕಡೆ ಗೋಡೆಯ ಹಾಗೆ ನಿಂತ ಮಣ್ಣಿನ ಧರೆ, ಇನ್ನೊಂದು ಕಡೆ ಆಳದ ಅಗಳ. ಮಾವ ಕತ್ತಿ ಹಿಡಿದುಕೊಂಡು ಬಂದರು. ಒಂದು ಸಲ ಕೊಂಬೆ ನೋಡಿದರು, ಒಂದು ಸಲ ಗಾಡಿ ನೋಡಿದರು. "ಮರ ನಮ್ಮಜ್ಜ ನೆಟ್ಟಿದ್ದು ಮಾರಾಯ. ಕಡಿಯೋದಾದ್ರೆ ನಿನ್ನ ಗಾಡಿನೇ ಕಡೀಬೇಕು" ಅಂದರು. ಕತ್ತಲಲ್ಲಿ, ಹಿಂದೆ ಒಬ್ಬರು ಟಾರ್ಚ್ ಹಿಡಿದು, ಅಷ್ಟು ದೂರವನ್ನೂ ರಿವರ್ಸಿನಲ್ಲೇ ಬಂದೆ.

ಆ ಗಾಡಿಯಲ್ಲಿ ಏನಿರಲಿಲ್ಲ ಹೇಳಿ? ಫ್ರಿಜ್, ಟಿವಿ, ಶವರ್, ಮೈಕ್ರೋವೇವ್ ಎಲ್ಲ ಇತ್ತು. ನಾವೆಲ್ಲ ಮಾಡುವ ತಪ್ಪೇ ಇದು. ಒಳಗೆ ಏನೇನಿದೆ ಅಂತ ನೋಡಿ ಮನಸೋಲುತ್ತೇವೆ. ಮಲೆನಾಡಿನಲ್ಲಿ ಓಡಿಸುವ ಗಾಡಿಯನ್ನು ಹೊರಗಿನಿಂದ ಒಳಗೆ ಆರಿಸಬೇಕು. ಹಾಸಿಗೆ, ಒಲೆ, ಸಿಂಕು ಎಲ್ಲ ಆಮೇಲೆ.

ಮೊದಲ ಕೆಲಸ: ದಾರಿ ಅಳೆಯುವುದು

ಗಾಡಿ ನೋಡಲು ಹೋಗುವ ಮೊದಲು ಒಂದು ಅಳತೆ ಟೇಪು ತಗೊಳ್ಳಿ. ನೀವು ಪದೇ ಪದೇ ಹೋಗುವ ಜಾಗ ಯಾವುದು? ಊರಿನ ಮನೆಯಾ, ಗೆಳೆಯರ ತೋಟವಾ, ಹೋಮ್‌ಸ್ಟೇಯಾ? ಅಲ್ಲಿನ ಅತಿ ಇಕ್ಕಟ್ಟಾದ ಮೂರು ಜಾಗ ಹುಡುಕಿ. ಸಾಮಾನ್ಯವಾಗಿ ಒಂದು ಗೇಟು, ಹಳ್ಳ ದಾಟುವ ಒಂದು ಸಂಕ, ಒಂದು ಏರಿನ ತಿರುವು. ಅಗಲ ಬರೆದುಕೊಳ್ಳಿ. ತಲೆ ಮೇಲಿನ ಕೊಂಬೆ, ಕರೆಂಟ್ ತಂತಿ, ದೇವಸ್ಥಾನದ ಕಮಾನು, ರೈಲ್ವೆ ಕೆಳಸೇತುವೆಯ ಮುಂದಿನ ಕಬ್ಬಿಣದ ಅಡ್ಡಪಟ್ಟಿ, ಇವುಗಳ ಎತ್ತರವೂ ಬೇಕು. ತಂತಿಗೆ ಮಾತ್ರ ಟೇಪು, ಕೋಲು ಎರಡನ್ನೂ ಎತ್ತಬೇಡಿ. ಕಣ್ಣಂದಾಜು ಸಾಕು, ಅನುಮಾನ ಬಂದರೆ ಆ ದಾರಿಯನ್ನೇ ಬಿಡಿ.

ಈಗ ಒಂದು ಸಣ್ಣ ಲೆಕ್ಕ. ಒಂಟಿ ಪಥದ ರಸ್ತೆಯ ಟಾರಿನ ಅಗಲ 3.75 ಮೀಟರ್. ಕೆಲವು ಹಳ್ಳಿ ರಸ್ತೆಗಳಲ್ಲಿ 3 ಮೀಟರೇ. ಎದುರಿಗೆ ಬರುವ ದೊಡ್ಡ ಬಸ್ಸಿನ ಅಗಲ 2.6 ಮೀಟರ್ ತನಕ ಇರುತ್ತದೆ. ನಿಮ್ಮ ವ್ಯಾನ್ 1.9 ಮೀಟರ್ ಅಂದುಕೊಳ್ಳಿ. ಎರಡೂ ಸೇರಿ ನಾಲ್ಕೂವರೆ ಮೀಟರ್. ನಡುವೆ ಒಂದಡಿ ಬಿಟ್ಟರೆ ನೀವು ಮೂರೂವರೆ ಅಡಿ ಟಾರಿನಿಂದ ಕೆಳಗಿಳಿಯಬೇಕು. ಒಂದೂವರೆ ಮೀಟರ್ ಅಗಲದ ಗಾಡಿಯಾದರೆ ಎರಡಡಿ ಇಳಿದರೆ ಸಾಕು. ಬರೀ ಒಂದೂವರೆ ಅಡಿ ವ್ಯತ್ಯಾಸ ಅಲ್ವಾ ಅಂತ ಅನ್ನಿಸಬಹುದು. ಜುಲೈ ತಿಂಗಳಲ್ಲಿ ಆ ಒಂದೂವರೆ ಅಡಿಯಲ್ಲೇ ಚರಂಡಿ ಇರುವುದು. ಮೇಲೆ ಹುಲ್ಲು ಬೆಳೆದು ನೆಲದ ಹಾಗೇ ಕಾಣುತ್ತದೆ.

ಇನ್ನೊಂದು ಮಾತು. ಕಂಪನಿಯ ಪತ್ರಿಕೆಯಲ್ಲಿ ಬರೆದಿರುವ ಅಗಲದಲ್ಲಿ ಸಾಮಾನ್ಯವಾಗಿ ಕನ್ನಡಿಗಳು ಸೇರಿರುವುದಿಲ್ಲ. ಆ ಕನ್ನಡಿಯ ತುದಿಯಿಂದ ಈ ಕನ್ನಡಿಯ ತುದಿಗೆ ನೀವೇ ಟೇಪು ಹಿಡಿದು ನೋಡಿ. ಕನ್ನಡಿ ಮಡಚುತ್ತದೆಯೋ ಇಲ್ಲವೋ ಅದನ್ನೂ ನೋಡಿ.

ಯಾವ ಗಾಡಿ ಎಷ್ಟು ದೊಡ್ಡದು

ಯೂಟ್ಯೂಬಿನಲ್ಲಿ ಯುರೋಪಿನ ಮೋಟರ್‌ಹೋಮ್ ನೋಡಿ ಆಸೆಪಡುವವರು ಜಾಸ್ತಿ. ಅಲ್ಲಿ ಬಹಳ ಜನ ಬಳಸುವ ಫಿಯಟ್ ಡುಕಾಟೊ ವ್ಯಾನಿನ ಮೈ ಅಗಲವೇ 2.05 ಮೀಟರ್. ಅಲ್ಲಿಯವರು ಚಿಕ್ಕದು ಅನ್ನುವ ಫೋಕ್ಸ್‌ವ್ಯಾಗನ್ ಕ್ಯಾಲಿಫೋರ್ನಿಯಾ ಕೂಡ 1.9 ಮೀಟರ್. ನಮಗೆ ಪಾಠ ಕಲಿಸುವುದು ಜಪಾನ್. ಅಲ್ಲಿ ಕೇ ಅನ್ನುವ ಪುಟ್ಟ ವಾಹನಗಳ ವರ್ಗ ಇದೆ. ಉದ್ದ 3.4 ಮೀಟರ್, ಅಗಲ 1.48, ಎತ್ತರ 2 ಮೀಟರ್, ಇಂಜಿನ್ 660 ಸಿಸಿ, ಇದನ್ನು ಮೀರುವಂತಿಲ್ಲ. ಅಷ್ಟರೊಳಗೇ ಅವರು ಇಬ್ಬರು ಮಲಗುವ ಕ್ಯಾಂಪರ್ ಕಟ್ಟುತ್ತಾರೆ.

ನಮ್ಮಲ್ಲಿ ಅದಕ್ಕೆ ಹತ್ತಿರದ್ದು ಮಾರುತಿ ಈಕೋ. ಉದ್ದ 3.675 ಮೀಟರ್, ಅಗಲ 1.475, ಎತ್ತರ 1.825. ಅಂದರೆ ಐದಡಿಗಿಂತ ಕಮ್ಮಿ ಅಗಲ, ಆರಡಿ ಎತ್ತರ. ತಿರುಗುವ ತ್ರಿಜ್ಯ ನಾಲ್ಕೂವರೆ ಮೀಟರ್. ಹಳೇ ಓಮ್ನಿ ಇನ್ನೂ ಚಿಕ್ಕದು, 2019ರಲ್ಲಿ ನಿಂತುಹೋಯಿತು. ಸೆಕೆಂಡ್ ಹ್ಯಾಂಡ್ ಸಿಗುತ್ತದೆ, ಆದರೆ 796 ಸಿಸಿ ಇಂಜಿನ್ನಿಗೆ ಘಾಟಿ, ಸಾಮಾನು, ಸಂಸಾರ ಮೂರೂ ಹೊರಿಸುವುದು ಪಾಪ.

ಈಕೋದ ಕೊರತೆಯನ್ನೂ ಹೇಳಿಬಿಡುತ್ತೇನೆ. ಪೆಟ್ರೋಲ್ ಇಂಜಿನ್, ಕಡಿಮೆ ವೇಗದಲ್ಲಿ ಎಳೆತ ಸಾಧಾರಣ. ನಾಲ್ಕು ಜನ, ಸಾಮಾನು ಹೇರಿಕೊಂಡು ಕುಂದಾದ್ರಿ ಏರಿದರೆ ಏದುಸಿರು ಬಿಡುತ್ತದೆ. ನೆಲದಿಂದ ಎತ್ತರ ಕಮ್ಮಿ, ಚಕ್ರದ ಜಾಡು ಆಳವಾಗಿರುವ ತೋಟದ ದಾರಿಯಲ್ಲಿ ಹೊಟ್ಟೆ ಉಜ್ಜುತ್ತದೆ. ಇಬ್ಬರಿಗೆ, ಹೆಚ್ಚೆಂದರೆ ಒಂದು ಮಗು ಇದ್ದರೆ ಸರಿ.

ದಾರಿ ತೀರಾ ಕೆಟ್ಟದ್ದು ಅಂದರೆ ಬೊಲೆರೊ ನೋಡಿ. ಉದ್ದ 4 ಮೀಟರಿನ ಒಳಗೆ, ಅಗಲ 1.745. ಒಂದೂವರೆ ಲೀಟರ್ ಡೀಸೆಲ್ ಇಂಜಿನ್ನಿನ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ, 210 ನ್ಯೂಟನ್ ಮೀಟರ್. ಈಕೋದಲ್ಲಿ ಇದರ ಅರ್ಧ. ಮಲೆನಾಡಿನಲ್ಲಿ ಮೆಕ್ಯಾನಿಕ್ ಹುಡುಕಿಕೊಂಡು ಹೋಗುವುದೇ ಬೇಡ, ಪ್ರತಿ ಊರಿನಲ್ಲೂ ಅದನ್ನು ಕಣ್ಣುಮುಚ್ಚಿ ಬಿಚ್ಚುವವರು ಒಬ್ಬರಿರುತ್ತಾರೆ. ಒಳಗೆ ಮಲಗುವ ಜಾಗ ಮಾತ್ರ ಇಕ್ಕಟ್ಟು.

ಒಳಗೆ ನಿಂತುಕೊಳ್ಳಲೇಬೇಕು, ನಾಲ್ಕು ಜನ ಮಲಗಲೇಬೇಕು ಅನ್ನುವವರಿಗೆ ಫೋರ್ಸ್ ಟ್ರಾವೆಲರ್ ಅಥವಾ ಟಾಟಾ ವಿಂಗರ್. ಎರಡೂ 1.9 ಮೀಟರ್ ಆಸುಪಾಸು ಅಗಲ. ಟ್ರಾವೆಲರ್ ಹೆಸರಿನ ಮುಂದೆ 3050, 3350, 4020 ಅಂತ ಇರುವ ಅಂಕಿ ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ, ಮಿಲಿಮೀಟರಿನಲ್ಲಿ. ಘಾಟಿಗೆ ಚಿಕ್ಕ ಅಂಕಿಯದ್ದನ್ನೇ ತಗೊಳ್ಳಿ. 3050ಕ್ಕೂ 4020ಕ್ಕೂ ಹತ್ತಿರ ಹತ್ತಿರ ಒಂದು ಮೀಟರ್ ವ್ಯತ್ಯಾಸ. ಹೇರ್‌ಪಿನ್ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗುವುದಕ್ಕೂ, ಹಿಂದೆ ಸಾಲುಗಟ್ಟಿದ ಗಾಡಿಗಳು ಹಾರ್ನ್ ಹೊಡೆಯುತ್ತಿರುವಾಗ ಮುಂದೆ ಹಿಂದೆ ಮಾಡುವುದಕ್ಕೂ ಅಷ್ಟೇ ಅಂತರ.

ವಿಂಗರಿನಲ್ಲಿ ಮುಂದಿನ ಚಕ್ರಗಳು ಎಳೆಯುತ್ತವೆ. ಟಾರು ರಸ್ತೆಗೆ ಬಹಳ ಆರಾಮ. ಆದರೆ ಹಿಂದೆ ನೀರು, ಬ್ಯಾಟರಿ, ಹಾಸಿಗೆ ಎಲ್ಲ ಹೇರಿ ಕಡಿದಾದ ಏರು ಹತ್ತುವಾಗ ಭಾರವೆಲ್ಲ ಹಿಂದಕ್ಕೆ ವಾಲಿ ಮುಂದಿನ ಚಕ್ರದ ಹಿಡಿತ ಸಡಿಲವಾಗುತ್ತದೆ. ಒದ್ದೆ ಕೆಮ್ಮಣ್ಣಿನಲ್ಲಿ ಸುಮ್ನೆ ಗಿರಗಿರ ತಿರುಗುತ್ತದೆ. ಅಂಥ ಕಡೆ ಹಿಂದಿನ ಚಕ್ರ ತಳ್ಳುವ ಗಾಡಿಯೇ ವಾಸಿ.

ಘಾಟಿಯ ಪರೀಕ್ಷೆ

ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಅದಕ್ಕೇ ಅಲ್ಲಿ ಮಿನಿ ಬಸ್ಸುಗಳೇ ಓಡುವುದು, ದೊಡ್ಡ ಲಾರಿಗಳಿಗೆ ಬಿಡುವುದಿಲ್ಲ. ಮಿನಿ ಬಸ್ಸು ಹೋದಲ್ಲಿ ಟ್ರಾವೆಲರ್ ಹೋಗುತ್ತದೆ, ಚಿಂತೆ ಇಲ್ಲ. ಹುಲಿಕಲ್ ಘಾಟಿಯಲ್ಲಿ, ಬಾಳೆಬರೆ ಅಂತಲೂ ಅನ್ನುತ್ತಾರೆ, ದೊಡ್ಡ ಬಸ್ಸು ಲಾರಿಗಳೂ ಎದುರಾಗುತ್ತವೆ. ನಗರ ಅನ್ನುವ ಊರಿನಿಂದ ಕೊಲ್ಲೂರಿಗೆ ಇಳಿಯುವ ದಾರಿ ಮಳೆಗಾಲದಲ್ಲಿ ಮಂಜು ಕವಿದು ಹತ್ತಡಿ ಮುಂದಿನದೂ ಕಾಣುವುದಿಲ್ಲ. ಮಳೆ ಜೋರಾದಾಗ ಜಿಲ್ಲಾಡಳಿತ ಘಾಟಿಗಳಲ್ಲಿ ಭಾರಿ ವಾಹನ ನಿಲ್ಲಿಸುವುದುಂಟು, ಹೊರಡುವ ಹಿಂದಿನ ದಿನ ಪತ್ರಿಕೆ ನೋಡಿ. ಕೊಡಚಾದ್ರಿಯ ಜೀಪು ದಾರಿಯನ್ನಂತೂ ಪಟ್ಟಿಯಿಂದ ತೆಗೆದುಬಿಡಿ. ಗಾಡಿ ಕೆಳಗೆ ಬಿಟ್ಟು ಬಾಡಿಗೆ ಜೀಪು ಹತ್ತಿ.

ಸಿಗಂದೂರಿಗೆ ಹೋಗುವವರಿಗೆ ಒಂದು ಸುಖ ಬಂದಿದೆ. ಮೊದಲಾದರೆ ಲಾಂಚಿನ ಸರದಿಯಲ್ಲಿ ಕಾದು ನಿಲ್ಲಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಶರಾವತಿ ಹಿನ್ನೀರನ್ನು ಗಾಡಿಯಲ್ಲೇ ದಾಟಬಹುದು. ಲಾಂಚಿನ ಮಜಾ ಹೋಯಿತು ಅನ್ನುವವರಲ್ಲಿ ನಾನೂ ಒಬ್ಬ, ಇರಲಿ.

ಗಾಡಿ ನೋಡುವಾಗ ಹಿಂದಿನ ಚಕ್ರದಿಂದ ಆಚೆ ಎಷ್ಟು ಬಾಲ ಉಳಿದಿದೆ ನೋಡಿ. ಬಾಲ ಉದ್ದ ಇದ್ದರೆ ತಿರುವಿನಲ್ಲಿ ಅದು ಹೊರಗೆ ಬೀಸುತ್ತದೆ, ಧರೆಗೆ ತಾಗುತ್ತದೆ. ಸಂಕ ಇಳಿದು ಏರುವಾಗ ನೆಲಕ್ಕೆ ಕುಟ್ಟುತ್ತದೆ. ಟೆಸ್ಟ್ ಡ್ರೈವ್ ಅಂದರೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಹೋಗಿ ಬಂದು ಕೈ ತೊಳೆದುಕೊಳ್ಳಬೇಡಿ. ಏರಿನ ಮಧ್ಯೆ ನಿಲ್ಲಿಸಿ, ಮತ್ತೆ ಹೊರಡಿಸಿ. ಇಳಿಜಾರಿನಲ್ಲಿ ಎರಡನೇ ಗೇರಿನಲ್ಲಿ ಬ್ರೇಕ್ ಮುಟ್ಟದೆ ಬಿಡಿ, ಇಂಜಿನ್ ಎಷ್ಟು ಹಿಡಿಯುತ್ತದೆ ನೋಡಿ. ಬ್ರೇಕ್ ತುಳಿದೇ ಘಾಟಿ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಸುಟ್ಟ ವಾಸನೆ ಮೂಗಿಗೆ ಬರುವಾಗ ಅರ್ಧ ತಡವಾಗಿರುತ್ತದೆ.

ಬಾಗಿಲು ಯಾವ ಥರದ್ದು ಅಂತ ಯಾರೂ ಕೇಳುವುದಿಲ್ಲ. ಕೇಳಬೇಕು. ಧರೆಗೆ ಒತ್ತಿ ನಿಲ್ಲಿಸಿದಾಗ ಹೊರಗೆ ತೆರೆಯುವ ಬಾಗಿಲು ತೆರೆಯುವುದೇ ಇಲ್ಲ, ಜಾರುವ ಬಾಗಿಲು ಬೇಕು. ಹಿಂಬಾಗಿಲು ಮೇಲಕ್ಕೆ ಏಳುವಂಥದ್ದಾದರೆ ಮಳೆಯಲ್ಲಿ ಅದೇ ಚಪ್ಪರ. ಈಕೋದ ಹಿಂಬಾಗಿಲ ಅಡಿ ಬೆನ್ನು ಬಗ್ಗಿಸಿ ನಿಂತು, ಸುತ್ತ ಜಡಿಮಳೆ ಹೊಯ್ಯುವಾಗ ಪುಟ್ಟ ಒಲೆಯಲ್ಲಿ ಕಾಫಿ ಕಾಸಿಕೊಂಡಿದ್ದೇನೆ. ಬಾಗಿಲ ಅಂಚಿನಿಂದ ಇಳಿಯುವ ನೀರು ಸರಿಯಾಗಿ ಕುತ್ತಿಗೆಗೇ ಬೀಳುತ್ತದೆ. ಒಂದು ಚೂರು ತಾಡಪಾಲು ಕಟ್ಟಿಕೊಳ್ಳಿ.

ಒಳಗಿನ ಲೆಕ್ಕ

ಒಂದು ಲೀಟರ್ ನೀರು ಒಂದು ಕೆಜಿ. ನೂರು ಲೀಟರ್ ಟ್ಯಾಂಕ್ ಇಟ್ಟರೆ ಒಬ್ಬ ಗಟ್ಟಿ ಆಳನ್ನು ಜೊತೆಗೆ ಕರೆದುಕೊಂಡು ಹೋದ ಹಾಗೆ. ಮಲೆನಾಡಿನಲ್ಲಿ ನೀರಿಗೆ ಬರವೇ? ಮೂವತ್ತು ಲೀಟರ್ ಸಾಕು. ಭಾರವೆಲ್ಲ ಕೆಳಗಿರಲಿ, ಹಿಂದಿನ ತುದಿಯಲ್ಲಿ ಬೇಡ, ಮುಂದಿನ, ಹಿಂದಿನ ಚಕ್ರಗಳ ನಡುವೆ ಇರಲಿ. ಚಾವಣಿ ಮೇಲೆ ಹೇರಿದರೆ ತಿರುವಿನಲ್ಲಿ ಗಾಡಿ ವಾಲಾಡುತ್ತದೆ.

ಮನೆಯ ಇನ್ವರ್ಟರ್ ಬ್ಯಾಟರಿಯನ್ನೇ ತಂದಿಡುವವರನ್ನು ನೋಡಿದ್ದೇನೆ. ಅದು ಐವತ್ತು ಕೆಜಿ ದಾಟುತ್ತದೆ, ಮೇಲೆ ಆಸಿಡ್ ಬೇರೆ. 12 ವೋಲ್ಟಿನ, 100 ಆಂಪಿಯರ್-ಅವರ್ ಲಿಥಿಯಂ ಬ್ಯಾಟರಿ ಹತ್ತು-ಹದಿಮೂರು ಕೆಜಿಯಲ್ಲಿ ಮುಗಿಯುತ್ತದೆ, ಒಂದೂಕಾಲು ಯೂನಿಟ್ ಕರೆಂಟ್ ಹಿಡಿಯುತ್ತದೆ. ಪುಟ್ಟ ಫ್ರಿಜ್, ಫ್ಯಾನು, ದೀಪಕ್ಕೆ ಒಂದು ರಾತ್ರಿ ಧಾರಾಳ. ಸೋಲಾರ್ ಹಾಕಿಸುವ ಮುನ್ನ ಯೋಚಿಸಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್ ಮೀರಿ ಮಳೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ಯಾನೆಲ್ ತೊಳೆಯುವ ಖರ್ಚು ಉಳಿಯುತ್ತದೆ ಅಷ್ಟೇ. ಅದರ ಬದಲು ಇಂಜಿನ್ ಓಡುವಾಗ ಆಲ್ಟರ್ನೇಟರಿನಿಂದ ಚಾರ್ಜ್ ಆಗುವಂತೆ ಡಿಸಿ-ಡಿಸಿ ಚಾರ್ಜರ್ ಹಾಕಿಸಿ.

ಮೇಲೆತ್ತುವ ಬಟ್ಟೆಯ ಚಾವಣಿ ನೋಡಲು ಚಂದ, ಓಡುವಾಗ ಎತ್ತರವೂ ಕಮ್ಮಿ. ಆದರೆ ಒದ್ದೆಯಾಗಿ ಮಡಚಿಟ್ಟರೆ ಎರಡೇ ವಾರಕ್ಕೆ ಬೂಷ್ಟು. ಮಳೆಗಾಲದಲ್ಲೂ ತಿರುಗುವವರಿಗೆ ಬೇಡವೇ ಬೇಡ. ಒಳಗಿನ ಮರಗೆಲಸಕ್ಕೆ ಐಎಸ್ 710 ಗುರುತಿನ ಮೆರೀನ್ ಪ್ಲೈವುಡ್ ಕೇಳಿ, ಇಲ್ಲದಿದ್ದರೆ ಹಲಗೆ ಉಬ್ಬಿ ಡ್ರಾಯರು ಸಿಕ್ಕಿಕೊಳ್ಳುತ್ತದೆ. ಬಾತ್‌ರೂಮ್ ಆಸೆ ಬಿಡಿ. ಮುಚ್ಚಳದ ಪೋರ್ಟಬಲ್ ಟಾಯ್ಲೆಟ್ ಒಂದಿದ್ದರೆ ರಾತ್ರಿಗೆ ಆಯಿತು. ಅದನ್ನು ಖಾಲಿ ಮಾಡುವುದು ಯಾರದಾದರೂ ಮನೆಯ ಕಕ್ಕಸಿನಲ್ಲಿ, ಕೇಳಿಕೊಂಡು. ಹಳ್ಳಕ್ಕೆ ಸುರಿದರೆ ಕೆಳಗಿನ ಊರಿನವರು ಕುಡಿಯುವ ನೀರಿಗೇ ಹೋಗಿ ಸೇರುತ್ತದೆ.

ಆರ್‌ಟಿಒ

ಇದನ್ನು ಹಗುರವಾಗಿ ತಗೊಳ್ಳಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮಾಡಿಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಗಟ್ಟಿಯಾಗಿ ಹೇಳಿತು. ಮೋಟರ್ ಕಾರವಾನ್‌ಗಳಿಗೆ ಎಐಎಸ್-124 ಅನ್ನುವ ಪ್ರತ್ಯೇಕ ಮಾನದಂಡವೇ ಇದೆ. ಗ್ಯಾರೇಜಿನವರು "ಏನೂ ಆಗಲ್ಲ ಸಾರ್" ಅನ್ನುತ್ತಾರೆ. ಆರ್‌ಸಿಯಲ್ಲಿ ಏಳು ಸೀಟು, ಒಳಗೆ ಎರಡೇ ಇದ್ದರೆ ಅಪಘಾತವಾದ ದಿನ ವಿಮೆಯವರು ತಕರಾರು ತೆಗೆಯುತ್ತಾರೆ, ಆಗ ಆ ಗ್ಯಾರೇಜಿನವರು ಬರುವುದಿಲ್ಲ. ಆದ್ದರಿಂದ ಎರಡೇ ದಾರಿ. ಕಾರವಾನ್ ಅಂತಲೇ ನೋಂದಣಿಯಾದ ಗಾಡಿ ತಗೊಳ್ಳಿ. ಇಲ್ಲವೇ ಸೀಟು ಕೀಳದೆ, ಚಾವಣಿ ಕೊರೆಯದೆ, ಮೇಲೆ ಹಾಸಿ ತೆಗೆದಿಡಬಹುದಾದ ಹಲಗೆ ಮತ್ತು ಹಾಸಿಗೆ ಮಾಡಿಸಿಕೊಳ್ಳಿ. ನನ್ನದು ಎರಡನೆಯದು. ಹಾಸಿಗೆ ಮಾಡಿಸುವ ಮೊದಲು ಗಾಡಿಯಲ್ಲಿ ಕಾಲು ಚಾಚಿ ಒಂದು ತಾಸು ಮಲಗಿ ನೋಡಿ, ಅಂಗಡಿಯವರು ನಕ್ಕರೆ ನಗಲಿ.

ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದೂ ಗಾಡಿಯ ಆಯ್ಕೆಗೆ ಸೇರಿದ್ದೇ. ಆಗುಂಬೆ ಘಾಟಿ ಸೋಮೇಶ್ವರ ಅಭಯಾರಣ್ಯದೊಳಗೆ ಹಾದುಹೋಗುತ್ತದೆ, ಅಲ್ಲಿ ರಸ್ತೆ ಬದಿ ನಿಲ್ಲಿಸಿ ಮಲಗುವ ಮಾತೇ ಇಲ್ಲ. ಉಳಿಯುವುದು ಹೋಮ್‌ಸ್ಟೇ ಅಥವಾ ಪರಿಚಯದವರ ಅಂಗಳ. ಅಂಗಳ ಅಂದರೆ ಮತ್ತೆ ದಣಪೆ, ಸಂಕ, ಏರು. ಅಡಿಕೆ ಒಣ ಹಾಕಿದ ಕಾಲದಲ್ಲಿ ಇಡೀ ಅಂಗಳವೂ ಸಿಗುವುದಿಲ್ಲ, ಒಂದು ಮೂಲೆ ಸಿಕ್ಕರೆ ಪುಣ್ಯ.

ಕಡೆಗೆ ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ಈಕೋ. ಮಾವನ ದಣಪೆಯಲ್ಲಿ ಕನ್ನಡಿ ಮಡಚದೆಯೇ ತೂರುತ್ತದೆ. ಹಲಸಿನ ಕೊಂಬೆಗೂ ಚಾವಣಿಗೂ ನಡುವೆ ಎರಡು ಮೊಳ ಜಾಗ ಉಳಿಯುತ್ತದೆ, ಹಲಸು ಬಿಡುವ ತಿಂಗಳುಗಳನ್ನು ಬಿಟ್ಟು.